ರಿಯಾಯಿತಿ ದರದ ವಿಡಿಯೊ ಪ್ಲೇಯರ್: ಖರೀದಿಗೆ ಮುನ್ನ ಒಂದಿಷ್ಟು ಲೆಕ್ಕ

ಭತ್ತದ ಸುಗ್ಗಿ ಮುಗಿದು ರೈತರ ಕೈಗೆ ಹಣ ಬಂದಾಗ ನಮ್ಮ ಭಾಗದ ಗೃಹೋಪಯೋಗಿ ವಸ್ತುಗಳ ಅಂಗಡಿಗಳಲ್ಲಿ ವ್ಯಾಪಾರ ಚುರುಕಾಗುವುದು ವಾಡಿಕೆ. ಇಂಥ ಸಮಯದಲ್ಲಿ ಹಳೆಯ ದಾಸ್ತಾನಿನ ಡಿವಿಡಿ ಅಥವಾ ಬ್ಲೂ-ರೇ ಪ್ಲೇಯರುಗಳನ್ನು ಅರ್ಧ ಬೆಲೆಗೆ ಕೊಡುತ್ತೇವೆಂದು ಸಗಟು ವ್ಯಾಪಾರಿಗಳು ಮುಂದೆ ಬಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ವರ್ತಕರು ಏನು ಮಾಡಬೇಕು?

ಮೊದಲ ಪ್ರಶ್ನೆ: ಬೆಲೆ ಏಕೆ ಇಳಿಯಿತು?

ಬೆಲೆ ಇಳಿಕೆಯಲ್ಲಿ ಎರಡು ಬಗೆ. ಉತ್ಪಾದನೆ ಹೆಚ್ಚಿ ವೆಚ್ಚ ತಗ್ಗಿದಾಗ ಆಗುವ ಇಳಿಕೆ ಮಾರುಕಟ್ಟೆಯನ್ನು ಬೆಳೆಸುತ್ತದೆ. 2007ರಲ್ಲಿ ಮೋಸರ್ ಬೇಯರ್ ಸಂಸ್ಥೆಯು ಚಲನಚಿತ್ರದ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರಾಟಕ್ಕಿಟ್ಟದ್ದು ಇದಕ್ಕೆ ನಿದರ್ಶನ. ಎರಡನೆಯದು, ಮಾಲಿನ ಕಾಲ ಮುಗಿಯುತ್ತಿದೆ ಎಂಬುದರ ಸೂಚನೆ. ಅದೇ 2007ರ ನವೆಂಬರಿನಲ್ಲಿ ಅಮೆರಿಕದ ವಾಲ್‌ಮಾರ್ಟ್ ಮಳಿಗೆಗಳು ತೋಷಿಬಾದ ಎಚ್‌ಡಿ ಡಿವಿಡಿ ಪ್ಲೇಯರನ್ನು ನೂರು ಡಾಲರಿಗಿಂತ ಕಡಿಮೆಗೆ ಮಾರಿದವು. ನಾಲ್ಕು ತಿಂಗಳೂ ಕಳೆದಿರಲಿಲ್ಲ, 2008ರ ಫೆಬ್ರವರಿ 19ರಂದು ತೋಷಿಬಾ ಆ ತಂತ್ರಜ್ಞಾನವನ್ನೇ ಕೈಬಿಟ್ಟಿತು. ಅಗ್ಗವೆಂದು ಕೊಂಡವರಿಗೆ ಹೊಸ ಡಿಸ್ಕುಗಳೇ ಸಿಗದಂತಾಯಿತು.

ಇಂದಿನ ರಿಯಾಯಿತಿ ಎರಡನೆಯ ಬಗೆಗೆ ಸಮೀಪವಾದುದು. ಮೊಬೈಲ್ ಮತ್ತು ಸ್ಮಾರ್ಟ್ ಟಿವಿಗಳೇ ಈಗ ಚಿತ್ರಮಂದಿರಗಳಾಗಿವೆ. 2025ರ ಫೆಬ್ರವರಿಯಲ್ಲಿ ಸೋನಿ ಸಂಸ್ಥೆಯು ಮುದ್ರಿಸಿಕೊಳ್ಳಬಲ್ಲ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ನಿಲ್ಲಿಸಿತು.

ಹಾಗಾದರೆ ಗ್ರಾಹಕರು ಯಾರು?

ಮದುವೆ, ಸೀಮಂತ, ಗೃಹಪ್ರವೇಶದ ಡಿಸ್ಕುಗಳನ್ನು ಬೀರುವಿನಲ್ಲಿಟ್ಟುಕೊಂಡಿರುವ ಕುಟುಂಬಗಳು. ಗತಿಸಿದ ಹಿರಿಯರ ಮುಖ, ಧ್ವನಿ ಅವುಗಳಲ್ಲಿಯೇ ಉಳಿದಿರುತ್ತದೆ. ಇವರಿಗೆ ಪ್ಲೇಯರು ನಿಜಕ್ಕೂ ಬೇಕು. ಆದರೆ ಒಂದು ಮನೆಗೆ ಒಂದೇ ಸಾಕು. ಇಂಥ ಡಿಸ್ಕುಗಳು ಕಾಲಕ್ರಮೇಣ ಕೆಡುವುದರಿಂದ ಪೆನ್ ಡ್ರೈವಿಗೆ ಪ್ರತಿ ಮಾಡಿಕೊಡುವ ಸೇವೆಗೂ ಬೇಡಿಕೆ ಇರಬಲ್ಲುದು.

ಪರೀಕ್ಷಿಸಬೇಕಾದ ಅಂಶಗಳು

ಟಿವಿಗೆ ಹೊಂದುವ ಸಂಪರ್ಕ ಇದೆಯೇ? ಹಳೆಯ ಪ್ಲೇಯರುಗಳಲ್ಲಿ ಹಳದಿ, ಕೆಂಪು, ಬಿಳಿ ತಂತಿಯ ಕಿಂಡಿ ಮಾತ್ರ ಇದ್ದರೆ, ಹೊಸ ಟಿವಿಗಳು ಮುಖ್ಯವಾಗಿ ಎಚ್‌ಡಿಎಂಐ ಬಯಸುತ್ತವೆ. ಬ್ಲೂ-ರೇ ಪ್ಲೇಯರು ಡಿವಿಡಿಯನ್ನೂ ಓದುತ್ತದೆ. ಡಿವಿಡಿ ಪ್ಲೇಯರು ಬ್ಲೂ-ರೇ ಓದದು. ಪ್ರದೇಶ ಸಂಕೇತವನ್ನೂ ನೋಡಬೇಕು. ಡಿವಿಡಿಗೆ ಭಾರತದ ಸಂಕೇತ 5. ಸ್ಥಳೀಯವಾಗಿ ಮುದ್ರಿಸಿದ ಡಿಸ್ಕೊಂದನ್ನು ಹಾಕಿ ಓಡಿಸಿ ನೋಡದೆ ಹಣ ಕೊಡಬಾರದು. ರಿಮೋಟ್ ಮತ್ತು ಬಿಡಿಭಾಗ ಎಲ್ಲಿ ಸಿಗುತ್ತವೆಂದು ಮೊದಲೇ ಕೇಳಬೇಕು.

ಬಂಡವಾಳದ ಲೆಕ್ಕ

ಉದಾಹರಣೆಗೆ, ತಲಾ 1,200 ರೂ.ಗಳಂತೆ 20 ಪ್ಲೇಯರು ಕೊಂಡು 1,600 ರೂ.ಗಳಿಗೆ ಮಾರುವುದಾದರೆ ಹೂಡಿಕೆ 24,000 ರೂ. ಹದಿನೈದು ಮಾರಾಟವಾಗುವವರೆಗೆ ಅಸಲೇ ಕೈಸೇರದು. ಲಾಭವೇನಿದ್ದರೂ ಕಡೆಯ ಐದರಲ್ಲಿ. ಹತ್ತರಲ್ಲಿಯೇ ಬೇಡಿಕೆ ನಿಂತರೆ 8,000 ರೂ. ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಉದ್ರಿ ಕೊಟ್ಟಿದ್ದರೆ ಸ್ಥಿತಿ ಇನ್ನೂ ಕಷ್ಟ.

‘ಮಾರಿದ ಮಾಲು ವಾಪಸಿಲ್ಲ’ ಎಂಬ ಫಲಕವೂ ರಕ್ಷಣೆ ನೀಡದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷಯುಕ್ತ ಸರಕನ್ನು ರಸೀದಿಯಲ್ಲಿ ನಮೂದಿಸಿದ ಅವಧಿಯೊಳಗೆ, ನಮೂದಿಲ್ಲದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಸಗಟು ವ್ಯಾಪಾರಿ ವಾಪಸು ಪಡೆಯದ ಮಾಲಿನ ಹೊರೆ ಚಿಲ್ಲರೆ ವರ್ತಕರ ತಲೆಯ ಮೇಲೆಯೇ ಬೀಳುತ್ತದೆ.

ಆದ್ದರಿಂದ ಮನೆಯಲ್ಲಿ ಡಿಸ್ಕುಗಳಿರುವವರು ಪರೀಕ್ಷಿಸಿ ಒಂದನ್ನು ಕೊಳ್ಳಬಹುದು. ವರ್ತಕರು ಮುಂಗಡ ನೀಡಿದ ಗ್ರಾಹಕರಿಗೆ ಬೇಕಾದಷ್ಟನ್ನೇ, ವಾಪಸಾತಿಯ ಲಿಖಿತ ಕರಾರಿನೊಂದಿಗೆ ತರಿಸುವುದು ಕ್ಷೇಮ.