ಹಚ್ಚುವ ದೂತರು, ಆರಿಸುವ ದೂತರು

ಹೊಲದಲ್ಲಿ ನಡೆಯುವ ರೈತನ ಅಂಗಾಲಿಗೆ ಜಾಲಿಯ ಮುಳ್ಳೊಂದು ಚುಚ್ಚಿತೆಂದು ಭಾವಿಸೋಣ. ಮುಳ್ಳನ್ನು ಕಿತ್ತೊಗೆದ ಮೇಲೂ ಆ ಭಾಗವು ಕೆಂಪೇರುತ್ತದೆ, ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಇದೇ ಉರಿಯೂತ. ಇದರ ಈ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸನು ಕ್ರಿ.ಶ. 1ನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ನೋವನ್ನುಂಟುಮಾಡುವ ಉರಿಯೂತವನ್ನು ಶತ್ರುವೆಂದು ಬಗೆಯುವುದು ಸಹಜ. ಆದರೆ ಅದು ದೇಹವು ತನ್ನ ರಕ್ಷಣೆಗಾಗಿ ತಾನೇ ಕೈಗೊಳ್ಳುವ ಕಾರ್ಯ.

ಈ ಸತ್ಯವನ್ನು ಮೊದಲು ಕಂಡವರಲ್ಲಿ ಇಲ್ಯಾ ಮೆಚ್ನಿಕಾಫ್ ಪ್ರಮುಖನು. 1882ರಲ್ಲಿ ಆತನು ಇಟಲಿಯ ಮೆಸ್ಸೀನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ಒಡಲಿಗೆ ಮುಳ್ಳನ್ನು ಚುಚ್ಚಿದನು. ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಚಲಿಸುವ ಜೀವಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. 1908ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ಸಂದಿತು. ಆದರೆ ಗಾಯವಾದ ಕಡೆಗೆ ಜೀವಕೋಶಗಳನ್ನು ಕರೆತರುವವರಾರು ಎಂಬ ಪ್ರಶ್ನೆಗೆ ಉತ್ತರವು ದೊರೆತದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಆ ಉತ್ತರವೇ ಸೈಟೊಕೈನ್. ಇವು ಜೀವಕೋಶಗಳು ಸ್ರವಿಸುವ ಅತಿ ಚಿಕ್ಕ ಪ್ರೋಟೀನುಗಳು. ಬೀಗಕ್ಕೆ ಕೀಲಿಕೈ ಹೊಂದುವಂತೆ, ಪ್ರತಿಯೊಂದು ಸೈಟೊಕೈನ್ ತನಗೆ ತಕ್ಕ ಗ್ರಾಹಕವುಳ್ಳ ಜೀವಕೋಶಕ್ಕೆ ಮಾತ್ರ ಸಂದೇಶವನ್ನು ಮುಟ್ಟಿಸುತ್ತದೆ. ಅಂಗಾಂಶದಲ್ಲಿ ಕಾವಲಿರುವ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶವು ರೋಗಾಣುವನ್ನು ಗುರುತಿಸಿದೊಡನೆ ಟಿ.ಎನ್.ಎಫ್. ಮತ್ತು ಇಂಟರ್‌ಲ್ಯೂಕಿನ್-1 ಎಂಬ ದೂತರನ್ನು ಕಳುಹಿಸುತ್ತದೆ. ಇವುಗಳ ಪ್ರಭಾವದಿಂದ ಸಮೀಪದ ರಕ್ತನಾಳಗಳು ಹಿಗ್ಗಿ, ಅವುಗಳ ಗೋಡೆ ಸಡಿಲವಾಗುತ್ತದೆ. ರಕ್ತವು ಹೆಚ್ಚಾಗಿ ಹರಿಯುವುದರಿಂದ ಕೆಂಪು ಮತ್ತು ಬಿಸಿ; ದ್ರವವು ಒಸರುವುದರಿಂದ ಊತ. ಇಂಟರ್‌ಲ್ಯೂಕಿನ್-8 ಬಿಳಿಯ ರಕ್ತಕಣಗಳಿಗೆ ದಾರಿಯನ್ನು ತೋರುತ್ತದೆ. ಸೋಂಕು ಪ್ರಬಲವಾದರೆ ಇಂಟರ್‌ಲ್ಯೂಕಿನ್-1 ಮತ್ತು 6 ಮೆದುಳಿಗೂ ಸುದ್ದಿಯನ್ನು ಮುಟ್ಟಿಸಿ ಜ್ವರವನ್ನು ಬರಿಸುತ್ತವೆ.

ಹೊತ್ತಿಸಿದ ಬೆಂಕಿಯನ್ನು ಆರಿಸುವವರೂ ಬೇಕು. ರೋಗಾಣುಗಳು ನಾಶವಾದ ಮೇಲೆ, ಸತ್ತ ಬಿಳಿಯ ಕಣಗಳನ್ನು ನುಂಗಿದ ಮ್ಯಾಕ್ರೊಫೇಜುಗಳೇ ಇಂಟರ್‌ಲ್ಯೂಕಿನ್-10 ಮುಂತಾದ ಶಮನಕಾರಿ ದೂತರನ್ನು ಕಳುಹಿಸುತ್ತವೆ. ಇವು ಟಿ.ಎನ್.ಎಫ್. ಮೊದಲಾದವುಗಳ ಉತ್ಪಾದನೆಯನ್ನು ತಗ್ಗಿಸಿ, ಗಾಯವು ಮಾಯಲು ಅವಕಾಶ ಮಾಡಿಕೊಡುತ್ತವೆ. ಇಂಟರ್‌ಲ್ಯೂಕಿನ್-10 ಇಲ್ಲದಂತೆ ಬೆಳೆಸಿದ ಇಲಿಗಳ ಕರುಳು ನಿರಂತರ ಉರಿಯೂತಕ್ಕೆ ಗುರಿಯಾಗುವುದು 1993ರಲ್ಲಿ ಕಂಡುಬಂದಿತು.

ಮನುಷ್ಯರಲ್ಲಿಯೂ ಈ ಸಮತೋಲವು ತಪ್ಪುವುದುಂಟು. ರುಮಟಾಯ್ಡ್ ಸಂಧಿವಾತದಲ್ಲಿ ರೋಗಾಣುವಿಲ್ಲದಿದ್ದರೂ ಉರಿಯೂತವು ನಿಲ್ಲದೆ, ಕೀಲುಗಳನ್ನು ಸವೆಸುತ್ತದೆ. 1992ರಲ್ಲಿ ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಟಿ.ಎನ್.ಎಫ್. ಅನ್ನು ತಡೆಯುವ ಪ್ರತಿಕಾಯವನ್ನು ರೋಗಿಗಳಿಗೆ ಕೊಟ್ಟು ನೋಡಿದರು. ನೋವೂ ಊತವೂ ಇಳಿದವು. ಆದರೆ ಈ ಔಷಧಿಗೆ ಇನ್ನೊಂದು ಮುಖವಿದೆ. ದೇಹದೊಳಗೆ ಅಡಗಿರುವ ಕ್ಷಯದ ರೋಗಾಣುಗಳನ್ನು ಸುತ್ತುವರಿದು ಹಿಡಿದಿಡಲು ಅದೇ ಟಿ.ಎನ್.ಎಫ್. ಬೇಕು. ಅದನ್ನು ತಡೆದಾಗ ಕ್ಷಯವು ಎಚ್ಚರಗೊಳ್ಳಬಹುದು. ಆದುದರಿಂದ ಔಷಧಿಯನ್ನು ಆರಂಭಿಸುವ ಮೊದಲು ವೈದ್ಯರು ಕ್ಷಯದ ಪರೀಕ್ಷೆಯನ್ನು ಮಾಡಿಸುತ್ತಾರೆ.

2020ರಲ್ಲಿ ಕೋವಿಡ್ ರೋಗವು ಇದೇ ಪಾಠವನ್ನು ಮತ್ತೆ ಕಲಿಸಿತು. ಆ ವರ್ಷ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯಲ್ಲಿ, ಉರಿಯೂತವನ್ನು ತಗ್ಗಿಸುವ ಡೆಕ್ಸಾಮೆಥಸೋನ್ ಎಂಬ ಅಗ್ಗದ ಔಷಧಿಯು, ಉಸಿರಾಟದ ಯಂತ್ರದ ನೆರವಿನಲ್ಲಿದ್ದ ರೋಗಿಗಳಲ್ಲಿ ಮರಣವನ್ನು ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಸಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಉರಿಯೂತವನ್ನು ಅಡಗಿಸುವುದಷ್ಟೇ ಚಿಕಿತ್ಸೆಯಲ್ಲ. ಯಾರಲ್ಲಿ, ಯಾವಾಗ, ಎಷ್ಟು ಎಂಬುದನ್ನು ಅರಿಯಬೇಕು. ಒಲೆಯಲ್ಲಿರುವ ಬೆಂಕಿ ಅನ್ನವನ್ನು ಬೇಯಿಸುತ್ತದೆ. ಅದೇ ಬೆಂಕಿ ಸೂರಿಗೆ ತಗುಲಿದರೆ ಮನೆಯನ್ನು ಸುಡುತ್ತದೆ. ಬೆಂಕಿಯನ್ನು ಒಲೆಯ ಮೇರೆಯಲ್ಲಿಯೇ ಇರಿಸುವುದು ಈ ಪುಟ್ಟ ದೂತರ ಹೊಣೆ.