ಸೇತುವೆಯಾಚೆಗೆ ಎಷ್ಟು ಸೆಕೆಂಡು?

ಬಹರೈನ್ ಪುಟ್ಟ ದೇಶ. ರಾಜಧಾನಿ ಮನಾಮಾಕ್ಕೂ ವಿಮಾನ ನಿಲ್ದಾಣವಿರುವ ಮುಹರ್ರಕ್ ದ್ವೀಪಕ್ಕೂ ಕಣ್ಣಳತೆಯ ದೂರ. ಆದರೆ ನಡುವೆ ಕಡಲಿದೆ. ದಾಟಲು ಇರುವುದು ಕೆಲವೇ ಸೇತುವೆಗಳು. ಕಚೇರಿ ಬಿಡುವ ಹೊತ್ತಿನಲ್ಲಿ ವಾಹನಗಳು ಸಾಲುಗಟ್ಟಿದರೆ ಅದೇ ದಾರಿ ಬೆಳಗಿನ ಜಾವದ ಹಲವು ಪಟ್ಟು ಸಮಯವನ್ನು ಬೇಡುತ್ತದೆ. ವೈದ್ಯನಾದ ನನಗೆ ದೂರವನ್ನು ನಿಮಿಷಗಳಲ್ಲಿ ಎಣಿಸುವುದು ವೃತ್ತಿ ಕಲಿಸಿದ ಅಭ್ಯಾಸ. ತೀವ್ರ ಹೃದಯಾಘಾತವಾದವರ ಮುಚ್ಚಿದ ರಕ್ತನಾಳವನ್ನು ಆಸ್ಪತ್ರೆ ತಲುಪಿದ 90 ನಿಮಿಷಗಳೊಳಗೆ ತೆರೆಯಬೇಕೆಂಬುದು ನಮ್ಮ ಗುರಿ. ಅಲ್ಲಿಗೆ ತಲುಪುವ ಮುನ್ನ ಸೇತುವೆಯ ಮೇಲೆ ಕಳೆದ ಕ್ಷಣಗಳಿಗೂ ಹೃದಯ ಲೆಕ್ಕವಿಡುತ್ತದೆ.

ಇಂಥದೇ ಲೆಕ್ಕಾಚಾರವೊಂದು ಮಕ್ಕಳ ಕಂಪ್ಯೂಟರ್ ಆಟಗಳಲ್ಲಿಯೂ ಅಡಗಿದೆಯೆಂಬುದು ನನಗೆ ತಿಳಿದದ್ದು ಕಾಲೇಜು ಓದುತ್ತಿರುವ ಮಗನಿಂದ. ಹಲವರು ಸೇರಿ ಆಡುವ ಆಟಕ್ಕೆ ಅವನೊಂದು ಮ್ಯಾಪ್ ರಚಿಸುತ್ತಿದ್ದ. ಎರಡು ತಂಡಗಳ ದಾರಿಗಳು ಒಂದೇ ಉದ್ದವಿದ್ದರೆ ಸಾಲದೇ ಎಂದು ಕೇಳಿದೆ. "ಅಳತೆ ಸಾಲದು ಅಪ್ಪಾ, ಓಡಿ ನೋಡಬೇಕು" ಎಂದ. ಏಣಿ, ತಿರುವು, ಇಕ್ಕಟ್ಟಾದ ಬಾಗಿಲು ಎಲ್ಲವೂ ಸೆಕೆಂಡುಗಳನ್ನು ತಿನ್ನುತ್ತವೆ. ಕೌಂಟರ್-ಸ್ಟ್ರೈಕ್ ಆಟದಲ್ಲಿ ಕೈಯಲ್ಲಿ ಚಾಕು ಹಿಡಿದವನು ವೇಗವಾಗಿಯೂ ಭಾರವಾದ ಬಂದೂಕು ಹಿಡಿದವನು ನಿಧಾನವಾಗಿಯೂ ಓಡುತ್ತಾನೆ. ಆದುದರಿಂದ ವಿನ್ಯಾಸಕಾರರು ಗಡಿಯಾರ ಹಿಡಿದು ಪ್ರತಿಯೊಂದು ದಾರಿಯನ್ನೂ ಮತ್ತೆ ಮತ್ತೆ ಓಡಿ ಪರೀಕ್ಷಿಸುತ್ತಾರೆ.

ಕಬಡ್ಡಿಯ ಅಂಕಣದಂತೆ ಎರಡೂ ಪಾಳಿ ಒಂದೇ ರೂಪದಲ್ಲಿದ್ದರೆ ಸಮತೋಲನ ಸುಲಭ. ಒಂದು ತಂಡ ಆಕ್ರಮಿಸಿ ಮತ್ತೊಂದು ರಕ್ಷಿಸುವ ಆಟದಲ್ಲಿ ಅದು ಕಷ್ಟ. 2001ರಲ್ಲಿ ಡೇವಿಡ್ ಜಾನ್‌ಸ್ಟನ್ ರಚಿಸಿದ 'ಡಸ್ಟ್ 2' ಈ ಬಗೆಯ ಮ್ಯಾಪುಗಳಲ್ಲಿ ಬಹು ಪ್ರಸಿದ್ಧವಾದುದು. ಅದರ ಮಣ್ಣುಬಣ್ಣದ ಗೋಡೆಗಳೂ ಕಮಾನುಗಳೂ ಅರಬ್ ನಾಡಿನ ಹಳೆಯ ಬೀದಿಗಳನ್ನು ನೆನಪಿಸುತ್ತವೆ. ಬಾಂಬ್ ಇರಿಸಬಹುದಾದ ಸ್ಥಳಗಳು ಅಲ್ಲಿ ಎರಡು. ರಕ್ಷಕರು ಬಹಳ ಮೊದಲೇ ತಲುಪಿದರೆ ಆಕ್ರಮಣಕಾರರಿಗೆ ಭೇದಿಸಲಾಗದ ಕೋಟೆ ಎದುರಾಗುತ್ತದೆ. ತಡವಾದರೆ ರಕ್ಷಣೆಯೇ ಇಲ್ಲ. ಮರೆಯೊಂದನ್ನು ಹುಡುಕಿ ನಿಲ್ಲುವಷ್ಟು ಕ್ಷಣಗಳು ಮಾತ್ರ ಅವರಿಗೆ ಸಿಗಬೇಕು.

ಇನ್ನೊಂದು ಲೆಕ್ಕವೂ ಇದೆ. ಈಗಿನ ಆಟದಲ್ಲಿ ಬಾಂಬ್ ಇರಿಸಿದ 40 ಸೆಕೆಂಡುಗಳಿಗೆ ಅದು ಸಿಡಿಯುತ್ತದೆ. ನಿಷ್ಕ್ರಿಯಗೊಳಿಸಲು ಉಪಕರಣವಿದ್ದರೆ 5, ಇಲ್ಲವಾದರೆ 10 ಸೆಕೆಂಡು ಬೇಕು. ಇನ್ನೊಂದು ಸ್ಥಳವನ್ನು ಕಾಯುತ್ತಿದ್ದವನು ಉಳಿದ ಅರ್ಧ ನಿಮಿಷದಲ್ಲಿಯೇ ಓಡಿಬಂದು ಎದುರಾಳಿಗಳನ್ನೂ ಎದುರಿಸಬೇಕು. ಆ ದಾರಿ ತುಸು ಹೆಚ್ಚು ಉದ್ದವಾದರೆ ಅವನ ಓಟ ವ್ಯರ್ಥ. ಇಂತಹ ಕಡೆ ವಿನ್ಯಾಸಕಾರ ಒಂದು ಗೋಡೆಯನ್ನು ಸರಿಸುತ್ತಾನೆ, ಪೆಟ್ಟಿಗೆಯೊಂದನ್ನು ಅಡ್ಡ ಇಡುತ್ತಾನೆ, ಇಲ್ಲವೇ ಆಟಗಾರರು ಹೊರಡುವ ಜಾಗವನ್ನೇ ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳುತ್ತಾನೆ.

ಇಷ್ಟೆಲ್ಲ ಸಮಗೊಳಿಸಿದ ಮೇಲೆಯೂ ಮ್ಯಾಪಿನ ಹೊರಗೊಂದು ದೂರ ಉಳಿಯುತ್ತದೆ. ಅದು ಆಟಗಾರನ ಮನೆಗೂ ಸರ್ವರ್‌ಗೂ ನಡುವಿನ ದೂರ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬಹರೈನಿನಿಂದ ಬೆಂಗಳೂರಿಗೆ ನೇರ ದೂರ 3 ಸಾವಿರ ಕಿ.ಮೀ.ಗೂ ಹೆಚ್ಚು, ಹೋಗಿಬರಲು ಕನಿಷ್ಠ 30 ಮಿಲಿಸೆಕೆಂಡು. ಕಡಲಡಿಯ ಕೇಬಲ್‌ಗಳು ಸುತ್ತಿ ಬರುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. 2019ರ ಜುಲೈನಲ್ಲಿ ಅಮೆಜಾನ್ ವೆಬ್ ಸರ್ವೀಸಸ್ ಬಹರೈನಿನಲ್ಲಿ ತನ್ನ ದತ್ತಾಂಶ ಕೇಂದ್ರಗಳನ್ನು ಆರಂಭಿಸಿತು. ಬಳಿಕ ವ್ಯಾಲೊರಂಟ್‌ನಂತಹ ಆಟಗಳ ಸರ್ವರ್‌ಗಳೂ ಇಲ್ಲಿಗೆ ಬಂದವು. ಅದುವರೆಗೆ ಯುರೋಪಿನ ಸರ್ವರ್‌ಗಳನ್ನು ಆಶ್ರಯಿಸಿ, ಗುಂಡು ಹಾರಿಸುವ ಮೊದಲೇ ಸಾಯುತ್ತಿದ್ದ ಕೊಲ್ಲಿಯ ಹುಡುಗರು ಇದ್ದಕ್ಕಿದ್ದಂತೆ ಚುರುಕಾದರು.

ಆದರೆ ನಮ್ಮಂಥ ಕುಟುಂಬಗಳ ಮಕ್ಕಳಿಗೆ ಜೊತೆಗಾರರು ಇಲ್ಲಿ ಮಾತ್ರ ಇರುವುದಿಲ್ಲ. ನನ್ನ ತಮ್ಮನ ಮಗ ಮೈಸೂರಿನಲ್ಲಿದ್ದಾನೆ. ಅಣ್ಣತಮ್ಮಂದಿರಿಬ್ಬರೂ ನಿಜವಾಗಿ ಭೇಟಿಯಾಗುವುದು ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ. ಉಳಿದಂತೆ ಅವರ ಬಾಂಧವ್ಯ ಬೆಳೆಯುವುದು ಈ ಮ್ಯಾಪುಗಳ ಓಣಿಗಳಲ್ಲಿಯೇ. ಕೊಲ್ಲಿಯ ಸರ್ವರ್‌ನಲ್ಲಿ ಆಡಿದರೆ ಮೈಸೂರಿನವನು ಹಿಂದೆ ಬೀಳುತ್ತಾನೆ, ಭಾರತದ ಸರ್ವರ್‌ನಲ್ಲಾದರೆ ನನ್ನ ಮಗ. ಸದಾ ಸೋಲುವವನು ಒಂದು ದಿನ ಆಡಲು ಬರುವುದನ್ನೇ ನಿಲ್ಲಿಸಿಬಿಡಬಹುದು.

ಈ ದೂರವನ್ನು ಯಾವ ವಿನ್ಯಾಸಕಾರನೂ ತಿದ್ದಲಾರ. ಹುಡುಗರು ಕಂಡುಕೊಂಡ ಪರಿಹಾರ ಹಳೆಯದು, ಕಬಡ್ಡಿಯಲ್ಲಿ ವಿರಾಮದ ಬಳಿಕ ಪಾಳಿ ಬದಲಿಸುವಂತಹುದು. ಸರ್ವರ್ ಆಯ್ಕೆಗೆ ಅವಕಾಶವಿರುವ ಆಟಗಳಲ್ಲಿ ಒಂದು ಪಂದ್ಯ ಅಲ್ಲಿ, ಮತ್ತೊಂದು ಇಲ್ಲಿ. ಎರಡೂ ಕಡೆ ಬಿಡುವಿರುವ ಶನಿವಾರ ಅವರ ಆಟದ ದಿನ. ಇಲ್ಲಿ ರಾತ್ರಿ ಎಂಟಾದರೆ ಮೈಸೂರಿನಲ್ಲಿ ಹತ್ತೂವರೆ. ಎರಡೂವರೆ ಗಂಟೆಯ ಆ ಅಂತರವನ್ನು ಮಾತ್ರ ಹಂಚಿಕೊಳ್ಳಲು ಬರುವುದಿಲ್ಲವಾದ್ದರಿಂದ, ನಿದ್ದೆಗೆಡುವ ಸರದಿ ಯಾವಾಗಲೂ ಊರಿನವನದೇ. ಅದಕ್ಕೆ ಬದಲಾಗಿ, ಮೊದಲ ಪಂದ್ಯದ ಸರ್ವರ್ ಆರಿಸುವ ಹಕ್ಕನ್ನು ನನ್ನ ಮಗ ಅವನಿಗೇ ಬಿಟ್ಟುಕೊಟ್ಟಿದ್ದಾನೆ.