ಕಾಸರಕಕ್ಕೆ ಕನ್ನಡದಲ್ಲಿ ಹೆಸರಿಲ್ಲವೇ?

ನಮ್ಮ ಪಟ್ಟಣದ ಒಂದು ಕಚೇರಿಯ ಅಂಗಳದಲ್ಲಿ ಹತ್ತು ಹನ್ನೆರಡು ಮರಗಳಿವೆ. ಕೆಲವು ವರ್ಷಗಳ ಹಿಂದೆ ಯಾರೋ ಅಧಿಕಾರಿ ಆಸಕ್ತಿ ವಹಿಸಿ ಒಂದೊಂದಕ್ಕೂ ಹೆಸರಿನ ತಗಡು ಹೊಡೆಸಿದರು. ಒಳ್ಳೆಯ ಕೆಲಸವೇ. ವಿದ್ಯಾರ್ಥಿವೇತನದ ಕಾಗದಪತ್ರಗಳಿಗಾಗಿ ಮಕ್ಕಳೊಂದಿಗೆ ಅಲ್ಲಿಗೆ ಹೋಗಿದ್ದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಂದು ಮರದ ಮುಂದೆ ನಿಂತುಬಿಟ್ಟಳು. ತಗಡಿನಲ್ಲಿ ಮಲಯಾಳದಲ್ಲಿ ‘ಕಾಞ್ಞಿರಂ’ ಎಂದಿತ್ತು, ಕೆಳಗೆ ಲ್ಯಾಟಿನ್ ಹೆಸರು. “ಮಾಷ್ಟ್ರೇ, ಈ ಮರಕ್ಕೆ ಕನ್ನಡದಲ್ಲಿ ಹೆಸರಿಲ್ಲವಾ?” ಎಂದು ಕೇಳಿದಳು.

ಇದೆ. ಕಾಸರಕ. ನಮ್ಮ ಊರಿಗೆ ಹೆಸರು ಬಂದದ್ದೇ ಈ ಮರದಿಂದ ಎನ್ನುವವರಿದ್ದಾರೆ. ಅಲ್ಲ, ‘ಕಾಸಾರ’ ಅಂದರೆ ಕೆರೆ, ಅದರಿಂದ ಬಂತು ಎನ್ನುವವರೂ ಇದ್ದಾರೆ. ಆ ಚರ್ಚೆ ಪಂಡಿತರಿಗಿರಲಿ. 2022ರಲ್ಲಿ ನಮ್ಮ ಜಿಲ್ಲಾ ಪಂಚಾಯತು ಇದನ್ನೇ ಜಿಲ್ಲೆಯ ಮರವೆಂದು ಸಾರಿತು. ಅಂಥ ಮರದ ಕೆಳಗೆ ನಿಂತು ನಮ್ಮ ಮಗು ಹೀಗೆ ಕೇಳಬೇಕಾಯಿತಲ್ಲ ಎಂಬುದು ಮನಸ್ಸಿನಿಂದ ಹೋಗಲಿಲ್ಲ. ಶಾಲೆಯ ಹಿಂಬದಿಯ ಪಾಳು ಜಾಗದಲ್ಲಿ ನಾವೇ ಒಂದು ವೃಕ್ಷಸಂಗ್ರಹ ಮಾಡಹೊರಟದ್ದು ಹೀಗೆ.

ವೃಕ್ಷಸಂಗ್ರಹವೆಂದರೆ ತೋಟವಲ್ಲ, ಕಾಡೂ ಅಲ್ಲ. ಇಂಗ್ಲಿಷಿನವರು ಆರ್ಬೊರೀಟಮ್ ಎನ್ನುತ್ತಾರೆ. ಬೇರೆ ಬೇರೆ ಜಾತಿಯ ಮರಗಳನ್ನು ನೋಡಿ ಕಲಿಯುವುದಕ್ಕೆಂದೇ ಬೆಳೆಸುವ ಜಾಗ ಅದು. ಇಂಗ್ಲೆಂಡಿನ ಡರ್ಬಿ ನಗರದಲ್ಲಿ 1840ರಲ್ಲಿ ಇಂಥದೊಂದನ್ನು ತೆರೆದರು. ಜೋಸೆಫ್ ಸ್ಟ್ರಟ್ ಎಂಬ ಸಿರಿವಂತರು ಊರಿಗೆ ಕೊಟ್ಟ ದಾನ, ರೂಪಿಸಿದವರು ಜಾನ್ ಲೌಡನ್. ಕೂಲಿಕಾರನೂ ಓದಿ ತಿಳಿಯಲೆಂದು ಗಿಡಗಳಿಗೆ ಹೆಸರು ಹಾಕಿಸಿದರು. ಅಮೆರಿಕದ ಬೋಸ್ಟನ್ನಿನಲ್ಲಿ 1872ರಲ್ಲಿ ಸ್ಥಾಪನೆಯಾದ ಆರ್ನಲ್ಡ್ ಸಂಗ್ರಹದ ಕಥೆ ಇನ್ನೂ ಸ್ವಾರಸ್ಯದ್ದು. 1882ರಲ್ಲಿ ಬೋಸ್ಟನ್ ನಗರವು ಆ ಜಾಗವನ್ನು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಒಂದು ಸಾವಿರ ವರ್ಷಗಳ ಗೇಣಿಗೆ ಕೊಟ್ಟಿತು, ವರ್ಷಕ್ಕೆ ಒಂದು ಡಾಲರಿನಂತೆ! ಮರದ ಆಯುಸ್ಸನ್ನು ಬಲ್ಲವರು ಬರೆದ ಗೇಣಿಚೀಟಿ. ಅಲ್ಲಿ ಒಂದೊಂದು ಗಿಡಕ್ಕೂ ಒಂದು ಸಂಖ್ಯೆ. ಬೀಜ ಎಲ್ಲಿಂದ ಬಂತು, ಯಾವಾಗ ಬಂತು ಎಂಬ ದಾಖಲೆ ಪುಸ್ತಕದಲ್ಲಿ. ಈ ಲೆಕ್ಕವಿಲ್ಲದಿದ್ದರೆ ಎಷ್ಟು ಅಪರೂಪದ ಮರವಾದರೂ ನೆರಳಿಗಷ್ಟೇ ಆಯಿತು.

ನಮ್ಮಲ್ಲೂ ಹಳೆಯ ವೃಕ್ಷಸಂಗ್ರಹಗಳಿವೆ. ನಾಗಬನಗಳು ಮತ್ತೇನು? ಸಂಪಿಗೆ, ರೆಂಜೆ, ಹಾಲೆ, ಕಾಸರಕ ಎಲ್ಲ ಕೊಡಲಿಯ ಭಯವಿಲ್ಲದೆ ಬೆಳೆದ ಜಾಗಗಳು. ಈಗ ಎಷ್ಟೋ ಕಡೆ ಮರ ಕಡಿದು ಸಿಮೆಂಟಿನ ಕಟ್ಟೆ ಕಟ್ಟಿ ಜೀರ್ಣೋದ್ಧಾರ ಎನ್ನುತ್ತಾರೆ. ನಾಗನಿಗೆ ಅದು ಹೇಗೆ ಹಿತವಾಗುತ್ತದೋ ನಾನರಿಯೆ. ಉಳಿದ ಬನಗಳ ಅಂಚಿನಿಂದಲೇ, ಮನೆಯವರ ಅಪ್ಪಣೆ ಪಡೆದು, ನಾವು ಬೀಜ ಹೆಕ್ಕಿದೆವು.

ಹೆಕ್ಕಿದ ಬೀಜವನ್ನೆಲ್ಲ ಡಬ್ಬಿಯಲ್ಲಿಟ್ಟು ಪುರುಸೊತ್ತಾದಾಗ ಬಿತ್ತಿದರಾಯಿತು ಎಂದುಕೊಂಡದ್ದು ನನ್ನ ತಪ್ಪು. ಧೂಪದ ಬೀಜ ಮಳೆಗಾಲದ ಆರಂಭಕ್ಕೆ ಉದುರುತ್ತದೆ. ಒಣಗಿದರೆ ಸತ್ತಂತೆ, ಹಸಿಯಾಗಿರುವಾಗಲೇ ಮಣ್ಣಿಗೆ ಸೇರಬೇಕು. ಹಲಸಿನದೂ ಹಾಗೆಯೇ. ಸಾಗುವಾನಿಯದು ಇದಕ್ಕೆ ವಿರುದ್ಧ: ಗಟ್ಟಿ ಚಿಪ್ಪು, ಕೆಲವು ಸಲ ನೆನೆಸಿ ಒಣಗಿಸಿದ ಮೇಲೆಯೇ ಅದು ಕಣ್ಣು ಬಿಡುತ್ತದೆ. ಮೊದಲ ವರ್ಷ ನಮ್ಮ ಧೂಪದ ಬೀಜಗಳಲ್ಲಿ ಒಂದೂ ಮೊಳೆಯಲಿಲ್ಲ. ಮುರಕಲ್ಲಿನ ನೆಲದಲ್ಲಿ ಹೊಂಡ ತೋಡಿದ ಕಷ್ಟವನ್ನು ಇಲ್ಲಿ ಬರೆಯುವುದಿಲ್ಲ; ಈ ಜಿಲ್ಲೆಯವರಿಗೆ ಅದನ್ನು ಹೇಳಬೇಕಾಗಿಲ್ಲ.

ನಿಜವಾದ ಪೇಚು ಹೆಸರು ಬರೆಯುವಾಗ. ಮನೆಯಲ್ಲಿ ಹಿರಿಯರನ್ನು ಕೇಳಿ ಬನ್ನಿ ಎಂದು ಮಕ್ಕಳಿಗೆ ಹೇಳಿದ್ದೆ. ಒಬ್ಬನ ಅಜ್ಜಿಗೆ ಹೊನ್ನೆಯೆಂದರೆ ಹಿಂದೆ ದೀಪಕ್ಕೆ ಎಣ್ಣೆ ಕೊಡುತ್ತಿದ್ದ ಕಡಲ ಬದಿಯ ಮರ. ಇನ್ನೊಬ್ಬಳ ಅಜ್ಜನಿಗೆ ಹೊನ್ನೆಯೆಂದರೆ ಕಡಿದಲ್ಲಿ ರಕ್ತದಂತೆ ಅಂಟು ಸುರಿಸುವ ಕಾಡುಮರ. ಇಬ್ಬರೂ ಸರಿಯೇ! ಮೊದಲನೆಯದು ಮಲಯಾಳದ ಪುನ್ನ, ಎರಡನೆಯದು ವೇಂಙ. ಲ್ಯಾಟಿನ್ ಹೆಸರು ಬೇಕಾಗುವುದು ಇಲ್ಲಿಯೇ. ಕ್ಯಾಲೊಫಿಲಮ್ ಇನೊಫಿಲಮ್ ಎಂದರೆ ಎಲ್ಲಿ ಹೋದರೂ ಒಂದೇ ಮರ. ಆದರೆ ಲ್ಯಾಟಿನ್ ಒಂದೇ ಸಾಕೆಂದರೆ ಆ ಅಜ್ಜಿಯ ದೀಪದ ಎಣ್ಣೆ ಯಾವ ಪುಸ್ತಕದಲ್ಲೂ ಉಳಿಯದು.

ಒಂದು ಹಲಗೆಯಲ್ಲಿ ಇಷ್ಟೊಂದು ಭಾಷೆ ಹಿಡಿಯುವುದಿಲ್ಲ ಎಂದು ಹೇಳುವವರಿದ್ದಾರೆ. ಅವರು ಹೊರ್ತುಸ್ ಮಲಬಾರಿಕುಸ್ ಗ್ರಂಥವನ್ನು ನೋಡಬೇಕು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಬರೆಯಿಸಿದ್ದು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ವೈದ್ಯರೂ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಪಂಡಿತರೂ ಅದಕ್ಕೆ ನೆರವಾದರು. ಗಿಡಗಳ ಚಿತ್ರದೊಡನೆ ರೋಮನ್, ಮಲಯಾಳ, ಅರಬಿ, ನಾಗರಿ ಲಿಪಿಗಳಲ್ಲಿ ಹೆಸರು ಕೊರೆದಿದ್ದಾರೆ. ನಮ್ಮ ಕಾಸರಕ ಅದರ ಮೊದಲ ಸಂಪುಟದಲ್ಲೇ ಇದೆ. ಮುನ್ನೂರು ವರ್ಷಗಳ ಹಿಂದೆ ತಾಮ್ರದ ತಗಡಿನಲ್ಲಿ ನಾಲ್ಕು ಲಿಪಿಗಳಿಗೆ ಜಾಗ ಸಿಕ್ಕಿತು!

ಹಲಗೆಯನ್ನು ಮರಕ್ಕೆ ಮೊಳೆ ಹೊಡೆದು ಬಿಗಿಯಬಾರದು. ಮರ ಎತ್ತರಕ್ಕೆ ಬೆಳೆಯುವುದು ತುದಿಯಲ್ಲಿ, ಆದ್ದರಿಂದ ಹೊಡೆದ ಮೊಳೆ ಮೇಲೇರುವುದಿಲ್ಲ. ಆದರೆ ಕಾಂಡ ದಪ್ಪವಾಗುತ್ತಾ ಮೊಳೆಯನ್ನೂ ತಗಡನ್ನೂ ನುಂಗಿಬಿಡುತ್ತದೆ. ಕಚೇರಿಯ ತಗಡುಗಳ ಅಂಚು ಆಗಲೇ ತೊಗಟೆಯೊಳಗೆ ಹೋಗಿದೆ. ನಾವು ಗಿಡದ ಬದಿಯಲ್ಲಿ ಮುರಕಲ್ಲು ನೆಟ್ಟು, ಒಂದು ಮುಖಕ್ಕೆ ಸಿಮೆಂಟು ಬಳಿದು ಅದರ ಮೇಲೆ ಬರೆದೆವು: ಕನ್ನಡ, ತುಳು, ಮಲಯಾಳ, ಲ್ಯಾಟಿನ್, ಸಂಖ್ಯೆ, ಬೀಜ ಬಂದ ಊರು.

ಕಾಸರಕ ನೆಡುವಾಗ ಕೆಲವು ಪೋಷಕರು ಬಂದರು. ವಿಷದ ಮರವನ್ನು ಶಾಲೆಯಲ್ಲಿ ನೆಡುವುದೇ ಎಂದರು. ಅವರ ಮಾತು ಸುಳ್ಳಲ್ಲ. ಹಣ್ಣು ಕಿತ್ತಳೆಯಂತೆ ಚೆಂದ, ಒಳಗಿನ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷ. ಮಾತುಕತೆಯಾಗಿ ಕೊನೆಗೆ ಗಿಡವನ್ನು ಬೇಲಿ ಹಾಕಿದ ಮೂಲೆಗೆ ಸರಿಸಿದೆವು. ಅದರ ಕಲ್ಲಿನಲ್ಲಿ ಕೆಂಪು ಬಣ್ಣದಲ್ಲಿ ‘ಬೀಜ ವಿಷ, ಮುಟ್ಟಬೇಡಿ’ ಎಂದೂ ಸೇರಿಸಿದೆವು. ಮರದ ಗುರುತೇ ಇಲ್ಲದ ಮಗುವಿಗಿಂತ ಗುರುತಿರುವ ಮಗು ಕ್ಷೇಮವೆಂದು ನಾನು ಹೇಳಿದ್ದನ್ನು ಎಲ್ಲರೂ ಒಪ್ಪಿದರೆಂದು ಹೇಳಲಾರೆ.

ಕಚೇರಿಗೂ ಮಕ್ಕಳು ಕನ್ನಡ ಹೆಸರುಗಳ ಪಟ್ಟಿ ಬರೆದು ಕೊಟ್ಟು ಬಂದರು. ಗುಮಾಸ್ತರು ಮುದ್ರೆ ಒತ್ತಿ ತೆಗೆದುಕೊಂಡರು. ಅಲ್ಲಿಯ ತಗಡು ಈಗಲೂ ಹಾಗೆಯೇ ಇದೆ.

ನಮ್ಮ ಕಾಸರಕಕ್ಕೆ ಈಗ ಎರಡು ವರ್ಷ. ಇನ್ನೂ ಮೊಣಕಾಲಿನೆತ್ತರಕ್ಕೆ ಬಂದಿಲ್ಲ. ಸದ್ಯಕ್ಕೆ ಹೆಸರಿನ ಕಲ್ಲೇ ಅದಕ್ಕಿಂತ ಎತ್ತರ. ಅಂದು ಪ್ರಶ್ನೆ ಕೇಳಿದ ಹುಡುಗಿ ಈ ವರ್ಷ ಹತ್ತನೆಯ ತರಗತಿ. ಮಳೆಗೆ ಮಾಸಿದ ಅಕ್ಷರಗಳಿಗೆ ಮೊನ್ನೆ ಅವಳೇ ಮತ್ತೆ ಬಣ್ಣ ತುಂಬಿದಳು.